ಬಂದರಿನ ತುಂಬ ಐಸ್

ಮಗಳ ಬಾಣಂತನಕ್ಕೆ ಅಂತ ಕೆನಡಾಕ್ಕೆ ಹೋದವಳು ನಾನು. ಚಿತ್ರಕಲೆ ನೋಡುವ ಯೋಚನೆಯೇ ಇರಲಿಲ್ಲ. ಪೆಟ್ಟಿಗೆಯಲ್ಲಿ ಇದ್ದದ್ದು ಓಮ, ಕಾಳುಮೆಣಸು, ಒಣಶುಂಠಿ, ಎರಡು ಬಾಟಲಿ ತೆಂಗಿನೆಣ್ಣೆ, ಮಗುವಿಗೆ ಸುತ್ತಲು ನನ್ನ ಹಳೇ ಹತ್ತಿ ಸೀರೆ. ಒಟ್ಟಾವದಲ್ಲಿ ಇಳಿದಾಗ ಜನವರಿ. ಹೊರಗೆ ಮೈನಸ್ 22. ಮನೆಗೆ ಬಂದು ಪೆಟ್ಟಿಗೆ ತೆರೆದರೆ ತೆಂಗಿನೆಣ್ಣೆ ಕಲ್ಲಾಗಿತ್ತು.

ಮೊದಲ ವಾರ ಕಿಟಕಿಯಿಂದ ನೋಡಿದ್ದೇ ನೋಡಿದ್ದು. ಅದಕ್ಕೆ ಏನು ಹೇಳಬೇಕು ಅನ್ನುವುದೇ ಒಂದು ಸಮಸ್ಯೆ. ‘ಹಿಮ’ ಅಂದರೆ ಶಾಲೆಯ ಪದ್ಯ ಓದಿದ ಹಾಗಾಗುತ್ತದೆ. ‘ಮಂಜು’ ಅಂದರೆ ನಮಗೆ ಬೆಳಿಗ್ಗೆ ಗದ್ದೆಯ ಮೇಲೆ ಕೂತು, ಎಂಟು ಗಂಟೆಗೆ ಎದ್ದು ಹೋಗುವಂಥದ್ದು. ಇದು ಏಪ್ರಿಲ್ ತನಕ ಏಳುವುದಿಲ್ಲ. ಅಲ್ಲಿನ ಕನ್ನಡದವರೆಲ್ಲ ‘ಸ್ನೋ ಬಿತ್ತು’ ಅಂತಲೇ ಹೇಳುತ್ತಾರೆ. ನಾನೂ ಅದನ್ನೇ ಹಿಡಿದೆ. ಆದರೆ ಮನಸ್ಸಿನೊಳಗೆ ನಾನು ಅದನ್ನು ಕರೆದದ್ದು ‘ಐಸ್’ ಅಂತ. ಅದಕ್ಕೆ ಕಾರಣ ಇದೆ, ಹೇಳುತ್ತೇನೆ.

ಒಂದು ತಿಂಗಳಾಗುವಷ್ಟರಲ್ಲಿ ಮಗಳಿಗೆ ನನ್ನ ಮುಖ ನೋಡಿ ಪಾಪ ಅನಿಸಿರಬೇಕು. “ಅಮ್ಮಾ, ಇವತ್ತು ಗುರುವಾರ, ಸಂಜೆ ಆರ್ಟ್ ಗ್ಯಾಲರಿಗೆ ಟಿಕೆಟ್ ಬೇಡ. ಮಗುವನ್ನು ನಾವು ನೋಡಿಕೊಳ್ತೇವೆ. ಸುಮ್ನೆ ಹೋಗಿ ಬಾ” ಅಂದಳು. “ಏಳೂವರೆಗೆ ಕರೆದುಕೊಂಡು ಹೋಗ್ತೇನೆ ಅತ್ತೆ” ಅಂತ ಅಳಿಯ ಬಾಗಿಲಲ್ಲಿ ಬಿಟ್ಟ. ಕಾರಿನಿಂದ ಇಳಿದು ನಾಲ್ಕು ಹೆಜ್ಜೆ ಹಾಕಿದ್ದೆ, ಕಾಲು ಜಾರಿ ಕೂತುಬಿಟ್ಟೆ. ನೆಲ ಕಪ್ಪಾಗಿ, ಒಣಗಿದ ಹಾಗೆ ಕಾಣುತ್ತಿತ್ತು. ಮೇಲೆ ಕಾಣದ ಐಸಿನ ಪದರ. ಯಾರೋ ಒಬ್ಬಳು ಹುಡುಗಿ ಕೈಕೊಟ್ಟು ಎಬ್ಬಿಸಿ, ಪೆಂಗ್ವಿನ್ ಹಾಗೆ ನಡೆಯಬೇಕು ಅಂತ ನಡೆದು ತೋರಿಸಿದಳು. ಸೊಂಟ ಹಿಡಿದುಕೊಂಡೇ ಒಳಗೆ ಹೋದೆ.

ಅದು ಕೆನಡಾದ ನ್ಯಾಷನಲ್ ಗ್ಯಾಲರಿ. ವಾಸ್ತುಶಿಲ್ಪಿ ಮೋಶೆ ಸಾಫ್ದಿ ರೂಪಿಸಿದ ಗಾಜಿನ ಕಟ್ಟಡ, 1988ರಲ್ಲಿ ತೆರೆದದ್ದು. ಹೊರಗೆ ಲೂಯಿಸ್ ಬೂರ್ಜ್ವಾ ಮಾಡಿದ ಆನೆಗಿಂತ ಎತ್ತರದ ಕಂಚಿನ ಜೇಡ ನಿಂತಿದೆ. ಅದರ ಹೆಸರು ‘ಅಮ್ಮ’. ಹೊಟ್ಟೆಯಲ್ಲಿ ಮೊಟ್ಟೆಗಳಿವೆ. ಬಾಣಂತನಕ್ಕೆ ಬಂದವಳಿಗೆ ಒಳ್ಳೆಯ ಸ್ವಾಗತವೇ ಸರಿ.

ಒಳಗೆ ಕೆನಡಾದ ಹಳೆಯ ಚಿತ್ರಗಳ ಕೋಣೆಗಳಲ್ಲಿ ಸುತ್ತಿದೆ. ಗಡ್ಡದ ಸಾಹೇಬರು, ಕಾಡು, ಜಲಪಾತ. ಒಂದೊಂದು ಕೋಣೆಗೂ ಒಂದು ಬೆಂಚು, ಅದೇ ದೊಡ್ಡ ಉಪಕಾರ. ಹಾಗೆ ಒಂದು ಬೆಂಚಿನಲ್ಲಿ ಕೂತಾಗ ಎದುರಿಗೆ ಇದ್ದದ್ದು ಈ ಚಿತ್ರ. ದೊಡ್ಡದೇನಲ್ಲ. ಎತ್ತರ ಎರಡಡಿ, ಅಗಲ ಅದಕ್ಕಿಂತ ಸ್ವಲ್ಪ ಜಾಸ್ತಿ. ಹೆಸರು ‘ದ ಫೆರ್ರಿ, ಕ್ವಿಬೆಕ್’. ಬರೆದವನು ಜೇಮ್ಸ್ ವಿಲ್ಸನ್ ಮೊರಿಸ್. ಸುಮಾರು 1907.

ಚಿತ್ರವನ್ನು ಮೂರು ಪಟ್ಟಿ ಅಂತ ಹೇಳಿಬಿಡಬಹುದು. ಕೆಳಗೆ ಈಚೆ ದಡ, ಅಲ್ಲಿ ಹಿಮ. ನಡುವೆ ನದಿ. ಆಚೆ ದಡದಲ್ಲಿ ಗುಡ್ಡದ ಮೇಲೆ ಕ್ವಿಬೆಕ್ ಊರು, ಅದರ ಮೇಲೆ ಮೋಡ ಕವಿದ ಆಕಾಶ. ನದಿಯಲ್ಲಿ ಹೊಗೆ ಬಿಡುತ್ತ ಒಂದು ಫೆರ್ರಿ. ಈಚೆ ಹಿಮದಲ್ಲಿ ಚಕ್ರವಿಲ್ಲದ ಕುದುರೆಬಂಡಿ, ಅದೂ ನಾಲ್ಕಾರು ಗೀಟುಗಳಲ್ಲಿ. ಹತ್ತಿರ ಹೋದರೆ ಕುದುರೆ ಕುದುರೆಯಾಗಿ ಉಳಿಯುವುದಿಲ್ಲ, ಬಣ್ಣದ ಕಲೆಯಾಗುತ್ತದೆ. ಬೆಂಚಿಗೆ ಬಂದು ಕೂತರೆ ಮತ್ತೆ ಕುದುರೆ. ಎರಡು ಮೂರು ಸಲ ಎದ್ದು ಕೂತು ಮಾಡಿದೆ. ಕಾವಲಿನವನಿಗೆ ಏನನಿಸಿತೋ.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಕುದುರೆ ಅಲ್ಲ. ಆ ಹಿಮ ಬೆಳ್ಳಗಿರಲಿಲ್ಲ. ಕೆನೆಯ ಬಣ್ಣ, ಬೂದಿ ಬಣ್ಣ, ಎಲ್ಲೋ ಸ್ವಲ್ಪ ಕೆಂಪು ಮುಟ್ಟಿದ ಹಾಗೆ. ಅದನ್ನು ನೋಡಿದ ಕೂಡಲೇ ನಮ್ಮೂರು ಗಂಗೊಳ್ಳಿ ಅಂದುಕೊಂಡೆ.

ಗಂಗೊಳ್ಳಿಯಲ್ಲಿ ಹಿಮ ಎಲ್ಲಿಂದ ಬರಬೇಕು ಅಂತ ಕೇಳಬಹುದು. ನನ್ನ ಅಪ್ಪ ಬಂದರಿನ ಹತ್ತಿರದ ಒಂದು ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಮಧ್ಯಾಹ್ನದ ಬುತ್ತಿ ತೆಗೆದುಕೊಂಡು ಹೋಗುವುದು ನನ್ನ ಕೆಲಸ. ತಗಡಿನ ಡಬ್ಬಿಗಳಿಂದ ಹೊರಬಂದ ಐಸಿನ ದಿಮ್ಮಿಗಳನ್ನು ಕೊಕ್ಕೆ ಹಾಕಿ ಎಳೆಯುತ್ತಿದ್ದರು. ಅವು ಒದ್ದೆ ಹಲಗೆಯ ಮೇಲೆ ಜಾರಿ ಮಿಷನ್ನಿನ ಬಾಯಿಗೆ ಬೀಳುತ್ತಿದ್ದವು. ಕಿವಿ ತೂತಾಗುವ ಸದ್ದು. ಆಚೆ ಕಡೆಯಿಂದ ಪುಡಿ ಐಸ್ ಹಾರಿ ಬೋಟಿನ ಹೊಟ್ಟೆಗೆ ಸುರಿಯುತ್ತಿತ್ತು. ಅರ್ಧ ಜೆಟ್ಟಿಯ ಮೇಲೂ ಬೀಳುತ್ತಿತ್ತು. ಬರಿಗಾಲಲ್ಲಿ ಅದರ ಮೇಲೆ ಓಡುವುದು ನಮಗೆ ಆಟ.

ದಿಮ್ಮಿ ಹೊರಬಂದಾಗ ಅದರ ನಡುವೆ ನೀಲಿ ಇರುತ್ತಿತ್ತು. ಪುಡಿಯಾದ ಕ್ಷಣ ಬಿಳಿ. ಬಂಗುಡೆ ಬುಟ್ಟಿ ಇಳಿದ ಮೇಲೆ ತಿಳಿ ಕೆಂಪು. ಸಂಜೆ ಹೊತ್ತಿಗೆ ಡೀಸೆಲ್, ಮಣ್ಣು, ಮೀನಿನ ಪೊರೆ ಎಲ್ಲ ಸೇರಿ ಕಪ್ಪು. ಬಂದರಿನಲ್ಲಿ ಬೆಳೆದವರಿಗೆ ಐಸ್ ಎಂದರೆ ಬಿಳಿ ಅಂತ ಹೇಳಿಕೊಡಲು ಸಾಧ್ಯವೇ ಇಲ್ಲ. ಮೊರಿಸನ ಚಿತ್ರದಲ್ಲಿ ಕಂಡದ್ದು ಆ ಬಣ್ಣವೇ. ಕೆಲಸ ನಡೆಯುವ ಜಾಗದ ಬಣ್ಣ.

ಮನೆಗೆ ಬಂದ ಮೇಲೆ, ಮಗು ಎದ್ದು ಅಳುವ ರಾತ್ರಿಗಳಲ್ಲಿ, ಒಂದು ಕೈಯಲ್ಲಿ ತೊಟ್ಟಿಲು ತೂಗುತ್ತ ಇನ್ನೊಂದರಲ್ಲಿ ಮೊಬೈಲ್ ಹಿಡಿದು ಈ ಮನುಷ್ಯನ ಬಗ್ಗೆ ಓದಿದೆ. ಓದಿದಷ್ಟೂ ಅವನ ಮೇಲೆ ಒಂಥರ ಸಿಟ್ಟು ಬಂತು.

ಹುಟ್ಟಿದ್ದು 1865ರಲ್ಲಿ, ಮಾಂಟ್ರಿಯಲ್‌ನಲ್ಲಿ. ತಂದೆ ಬಟ್ಟೆ ವ್ಯಾಪಾರಿ, ಭಾರೀ ಕುಳ. ಮಗ ವಕೀಲಿ ಓದಲಿ ಅಂತ ಟೊರಾಂಟೊಗೆ ಕಳಿಸಿದರು. ಅವನು ಓದಿ, 1889ರಲ್ಲಿ ಸನ್ನದನ್ನೂ ಪಡೆದ. ಆಮೇಲೆ ಕೋರ್ಟಿನ ಮೆಟ್ಟಿಲು ಹತ್ತಲೇ ಇಲ್ಲ. ಯೂರೋಪಿಗೆ ಹೊರಟುಬಿಟ್ಟ. ಪ್ಯಾರಿಸ್ಸಿನಲ್ಲಿ ಸೇನ್ ನದಿಯ ದಂಡೆಯ ಮೇಲೆ ಮನೆ. ಖರ್ಚಿಗೆ ಅಪ್ಪನ ದುಡ್ಡು. ಕೊಳಲು ನುಡಿಸುತ್ತಿದ್ದ. ವಿಸ್ಕಿ ಜಾಸ್ತಿ ಕುಡಿಯುತ್ತಿದ್ದ. ಜೇಬಿಗೆ ಹೋಗುವಷ್ಟು ಸಣ್ಣ ಬಣ್ಣದ ಪೆಟ್ಟಿಗೆ ಇಟ್ಟುಕೊಂಡಿದ್ದ. ಅದರಲ್ಲಿ ಅಂಗೈ ಅಗಲದ ಮರದ ಹಲಗೆಗಳು. ಕಾಫಿ ಅಂಗಡಿಯ ಮೇಜಿನ ಮೇಲೆ ಅದನ್ನು ತೆರೆದು, ಗ್ಲಾಸಿನ ಪಕ್ಕ ಇಟ್ಟುಕೊಂಡು, ಎದುರು ಕಂಡದ್ದನ್ನು ಬರೆಯುತ್ತಿದ್ದ.

ಕ್ರಿಸ್‌ಮಸ್ ಹೊತ್ತಿಗೆ ಮಾತ್ರ ಎಷ್ಟೋ ವರ್ಷ ಅಪ್ಪ ಅಮ್ಮನ ಮನೆಗೆ ಬರುತ್ತಿದ್ದ. ಬಂದವನು ಕ್ವಿಬೆಕ್ ಕಡೆ ಹೋಗಿ ಹಿಮ ನೋಡಿ, ಹಲಗೆಗಳ ಮೇಲೆ ಬರೆದುಕೊಂಡು, ಪ್ಯಾರಿಸ್ಸಿಗೆ ವಾಪಸ್. ದೊಡ್ಡ ಚಿತ್ರಗಳನ್ನು ಆ ಹಲಗೆ ನೋಡಿ ಅಲ್ಲಿನ ಕೋಣೆಯಲ್ಲಿ ಮಾಡುತ್ತಿದ್ದ. ಅಂದರೆ ನನ್ನನ್ನು ಬೆಂಚಿನಲ್ಲಿ ಕೂರಿಸಿದ ಆ ಚಳಿ ಬೇರೆಯವರ ಚಳಿ. ಬಂಡಿಯ ಹತ್ತಿರ ಕಾದು ನಿಂತವನದು. ಫೆರ್ರಿಗೆ ಕಲ್ಲಿದ್ದಲು ಹಾಕುವವನದು. ಬರೆದವನು ಬೆಚ್ಚಗೆ ಕೂತಿದ್ದ.

ಹಿಮ ಬರೆಯುವವರೆಲ್ಲ ಹಾಗಲ್ಲ. ಮೊರಿಸನ ಸ್ನೇಹಿತ ಒಬ್ಬನಿದ್ದ, ಹೆಸರು ಮಾರಿಸ್ ಕಲನ್. (ಮೊರಿಸ್, ಮಾರಿಸ್. ರಾತ್ರಿ ಮೂರು ಗಂಟೆಗೆ ಓದುವಾಗ ಇಬ್ಬರೂ ಒಬ್ಬರೇ ಆಗಿಬಿಟ್ಟಿದ್ದರು.) ಇವನು ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್‌ನಲ್ಲಿ 1866ರಲ್ಲಿ ಹುಟ್ಟಿದವನು. ಶಿಲ್ಪ ಕಲಿಯಲು ಪ್ಯಾರಿಸ್ಸಿಗೆ ಹೋಗಿ, ಫ್ರಾನ್ಸಿನ ಚಿತ್ರಕಾರ ಕ್ಲೋಡ್ ಮೊನೆಯಂಥವರ ಚಿತ್ರ ನೋಡಿ ಬಣ್ಣ ಹಿಡಿದ. 1895ರಲ್ಲಿ ಮಾಂಟ್ರಿಯಲ್‌ಗೆ ಮರಳಿ ಬಂದ. ಕೊರೆಯುವ ಚಳಿಯಲ್ಲಿ ಹೊರಗೇ ನಿಂತು ಬರೆಯುತ್ತಿದ್ದ. ಹಿಮ ಆಕಾಶದ ಬಣ್ಣವನ್ನು, ಬಿಸಿಲಿನ ಬಣ್ಣವನ್ನು ಸಾಲ ತರುತ್ತದೆ, ಅದು ನೀಲಿ ಇರಬಹುದು, ತಿಳಿ ನೇರಳೆ, ಬೂದು, ಕಪ್ಪು ಕೂಡ ಇರಬಹುದು, ಪೂರ್ತಿ ಬಿಳಿ ಮಾತ್ರ ಎಂದೂ ಇರದು ಅನ್ನುವ ಅರ್ಥದ ಮಾತು ಅವನದು. ಗಂಗೊಳ್ಳಿ ಜೆಟ್ಟಿಯಲ್ಲಿ ಒಂದು ದಿನ ನಿಂತಿದ್ದರೆ ಅವನಿಗೆ ಖುಷಿಯಾಗುತ್ತಿತ್ತು. 1896-97ರ ಚಳಿಗಾಲದಲ್ಲಿ ಇವರಿಬ್ಬರೂ ಕ್ವಿಬೆಕ್ ಹತ್ತಿರದ ಬೋಪ್ರೆ ಕಡೆ ಜೊತೆಯಾಗಿ ಚಿತ್ರ ಬರೆದರು. ಮೊರಿಸನಿಗೆ ಹಿಮ ನೋಡುವ ಚಟ ಹತ್ತಿದ್ದು ಆಗಲೇ.

ಮೊನೆಯ ಹೆಸರು ಬಂತಲ್ಲ, ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಅವನೂ ಬಂದರಿನ ಹುಡುಗನೇ, ಲೆ ಹಾವ್ರ್‌ನಲ್ಲಿ ಬೆಳೆದವನು. ಅಲ್ಲಿಂದ ಹತ್ತಿರದ ಇನ್ನೊಂದು ಬಂದರು ಓನ್‌ಫ್ಲರ್. ಅದರ ಹೊರಗಿನ ಹಿಮದ ರಸ್ತೆಯನ್ನು ಮೂವತ್ತು ತುಂಬುವ ಮೊದಲೇ ಬರೆದಿದ್ದ. 1868ರಲ್ಲಿ ಲೆ ಹಾವ್ರ್‌ನ ಪತ್ರಿಕೆಯವನೊಬ್ಬ, ಕಲ್ಲು ಸೀಳುವಂಥ ಚಳಿಯಲ್ಲಿ ತಾನು ಕಂಡದ್ದನ್ನು ಬರೆದ. ಮೊದಲು ಕಂಡದ್ದು ಕಾಲು ಕಾಯಿಸುವ ಸಣ್ಣ ಒಲೆ. ಆಮೇಲೆ ಚಿತ್ರದ ಚೌಕಟ್ಟು ನಿಲ್ಲಿಸಿದ ಸ್ಟ್ಯಾಂಡ್. ಕೊನೆಗೆ ಮೂರು ಕೋಟು ತೊಟ್ಟು, ಕೈಗವಸು ಹಾಕಿ, ಅರ್ಧ ಮರಗಟ್ಟಿದ ಮುಖದ ಒಬ್ಬ ಮನುಷ್ಯ. ಅದು ಮೊನೆ. ಆ ಕಾಲದಲ್ಲೇ ಅವನು ಬರೆದ ‘ಮ್ಯಾಗ್‌ಪೈ’, ಬೇಲಿಯ ಮೇಲೆ ಒಂಟಿ ಹಕ್ಕಿ ಕೂತ ಹಿಮದ ಚಿತ್ರ, ಈಗ ಜಗತ್ತಿಗೆಲ್ಲ ಗೊತ್ತು. 1869ರಲ್ಲಿ ಪ್ಯಾರಿಸ್ಸಿನ ಸರ್ಕಾರಿ ಪ್ರದರ್ಶನದವರು ಅದನ್ನು ಬೇಡ ಅಂದಿದ್ದರು. ಅದರಲ್ಲಿ ಬೇಲಿಯ ನೆರಳು ನೀಲಿ. ಬಿಸಿಲು ಬೀಳದ ಜಾಗಕ್ಕೆ ನೀಲಿ ಆಕಾಶದ ಬೆಳಕಷ್ಟೇ ಸಿಗುವುದರಿಂದ ಅದು ನೀಲಿಯೇ ಆಗಬೇಕು. ಒಟ್ಟಾವದ ಹಿತ್ತಲಲ್ಲಿ ಬಿಸಿಲಿನ ದಿನ ನಾನೇ ನೋಡಿದ್ದೇನೆ, ಬಟ್ಟೆಗೆ ಹಾಕುವ ನೀಲಿಯನ್ನು ಯಾರೋ ಚೆಲ್ಲಿದ ಹಾಗೆ ಇರುತ್ತದೆ.

‘ಮ್ಯಾಗ್‌ಪೈ’ ಚೆಂದ, ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲಿ ಯಾರಿಗೂ ಏನೂ ಕೆಲಸವಿಲ್ಲ. ಹಕ್ಕಿ ಒಂದು ಕೂತಿದೆ, ಅಷ್ಟೇ. ಅಂಥ ಹಿಮವನ್ನು ಯಾರಾದರೂ ಪ್ರೀತಿಸಬಹುದು. ಮೊರಿಸನ ಫೆರ್ರಿಯಲ್ಲಿ ಬಿಸಿಲೇ ಇಲ್ಲ, ಅದಕ್ಕೇ ನೀಲಿ ನೆರಳಿನ ಮೋಡಿಯೂ ಇಲ್ಲ. ಆಚೆ ಹೋಗಬೇಕಾದವರು ಆಚೆ ಹೋಗಬೇಕು. ಹಿಮ ಅವರಿಗೆ ಒಂದು ರಗಳೆ. ನಮ್ಮಲ್ಲಿ ಆಟಿ ತಿಂಗಳ ಮಳೆ ಇದ್ದ ಹಾಗೆ. ಇಂಪ್ರೆಷನಿಸ್ಟ್, ಅಂದರೆ ಮೊನೆಯ ಪಂಥದವನು, ಅಂತ ಅವನನ್ನು ಕರೆಯುವವರೂ ಇದ್ದಾರೆ, ಆಮೇಲಿನ ಪಂಥಕ್ಕೆ ಸೇರಿಸುವವರೂ ಇದ್ದಾರೆ. ಆ ಜಗಳ ಅವರಿಗಿರಲಿ.

ಅವನು ನಿಂತು ನೋಡಿದ್ದು ಲೆವಿ ಅನ್ನುವ ಊರಿನ ಕಡೆಯಿಂದ. ಸೇಂಟ್ ಲಾರೆನ್ಸ್ ನದಿ ಅಲ್ಲಿ ಕಿರಿದಾಗುತ್ತದೆ. ಕ್ವಿಬೆಕ್ ಅನ್ನುವ ಹೆಸರೇ, ಅಲ್ಲಿನ ಮೂಲನಿವಾಸಿಗಳ ಮಾತಿನಲ್ಲಿ, ನದಿ ಕಿರಿದಾಗುವ ಜಾಗ ಅಂತ. ಕಿರಿದು ಅಂದರೂ ಒಂದು ಕಿಲೋಮೀಟರ್ ಇದೆ. ಸಮುದ್ರದ ಉಬ್ಬರ ಇಳಿತ ಅಲ್ಲಿಯವರೆಗೂ ಬರುವುದರಿಂದ ಐಸ್ ಒಂದೇ ಕಡೆ ನಿಲ್ಲುವುದು ಕಡಿಮೆ. ಹಾಸುಗಲ್ಲಿನಂಥ ತುಂಡುಗಳು ಒಮ್ಮೆ ಕೆಳಗೆ, ಒಮ್ಮೆ ಮೇಲೆ ಹೋಗುತ್ತಿರುತ್ತವೆ. ಕೆಲವು ಚಳಿಗಾಲಗಳಲ್ಲಿ ಮಾತ್ರ ಅವು ಅಂಟಿಕೊಂಡು ಸೇತುವೆಯೇ ಆಗಿ, ಜನ ಅದರ ಮೇಲೆ ಬಂಡಿ ಹೊಡೆಯುತ್ತಿದ್ದರಂತೆ. ಉಳಿದ ವರ್ಷ, ಉಗಿ ಹಡಗು ಬರುವ ಮೊದಲು, ದೋಣಿಯೇ ಗತಿ. ನೀರು ಸಿಕ್ಕಲ್ಲಿ ಹುಟ್ಟು ಹಾಕುವುದು, ಐಸ್ ಸಿಕ್ಕಲ್ಲಿ ಇಳಿದು ದೋಣಿಯನ್ನೇ ಎಳೆದುಕೊಂಡು ಓಡುವುದು. ಟಪಾಲು, ಜನ, ಸಾಮಾನು ಎಲ್ಲ ಹೀಗೇ. ಈಗ ಅದು ಅಲ್ಲಿನ ಚಳಿಗಾಲದ ಹಬ್ಬದಲ್ಲಿ ಪಂದ್ಯವಾಗಿದೆ. ನಮ್ಮ ಕಂಬಳದ ಹಾಗೆ, ಕೆಲಸ ಆಟವಾಗಿ ಉಳಿದದ್ದು.

1907ರ ಹೊತ್ತಿಗೆ ಕ್ವಿಬೆಕ್ ಹತ್ತಿರ ಸೇತುವೆ ಇರಲಿಲ್ಲ. ಪೂರ್ವದ ಕಡೆಯಿಂದ ರೈಲಿನಲ್ಲಿ ಬಂದವರು ಲೆವಿಯಲ್ಲಿ ಇಳಿದು, ಫೆರ್ರಿ ಹತ್ತಿ ಊರಿಗೆ ಹೋಗಬೇಕು. ಸೇತುವೆ ಕಟ್ಟುತ್ತಿದ್ದರು. ಅದೇ 1907ರ ಆಗಸ್ಟ್ 29ರಂದು, ಕೆಲಸ ಮುಗಿಯುವ ಸಂಜೆ ಹೊತ್ತಿಗೆ, ಕಟ್ಟುತ್ತಿದ್ದ ಕಬ್ಬಿಣದ ಸೇತುವೆ ಕುಸಿದು ನದಿಗೆ ಬಿತ್ತು. 75 ಜನ ಸತ್ತರು. ಅದರಲ್ಲಿ 33 ಮಂದಿ ಕಾನವಾಗಾ ಅನ್ನುವ ಒಂದೇ ಊರಿನ ಮೊಹಾಕ್ ಜನ, ಎತ್ತರದ ಕಬ್ಬಿಣದ ಕೆಲಸಕ್ಕೆ ಹೆಸರಾದವರು. 1916ರಲ್ಲಿ ಮತ್ತೆ ನಡುವಿನ ಭಾಗ ಎತ್ತುವಾಗ ಅದೂ ಬಿತ್ತು, ಇನ್ನೂ 13 ಜನ ಹೋದರು. ಕೊನೆಗೆ 1917ರಲ್ಲಿ ಸೇತುವೆ ನಿಂತಿತು.

ಇದನ್ನು ಓದಿದ ಮೇಲೆ ಆ ಚಿತ್ರದ ಖಾಲಿ ನದಿ ಬೇರೆಯೇ ಕಾಣತೊಡಗಿತು. ನಮ್ಮಲ್ಲೂ ಗಂಗೊಳ್ಳಿಯಲ್ಲಿ ನಿಂತರೆ ಕುಂದಾಪುರ ಎದುರಿಗೇ ಕಾಣುತ್ತದೆ. ಕೈ ಚಾಚಿದರೆ ಸಿಗಬೇಕು, ಆದರೆ ನಡುವೆ ಹೊಳೆ. ರಸ್ತೆಯಲ್ಲಾದರೆ ಸುತ್ತು ಹಾಕಬೇಕು. ನಾನು ಸಣ್ಣವಳಿದ್ದಾಗ ದೋಣಿಯಲ್ಲೇ ದಾಟುತ್ತಿದ್ದೆವು. ದೋಣಿ ಆಚೆ ದಡದಲ್ಲಿದ್ದರೆ ಕಾಯಬೇಕು. ಅಮ್ಮನಿಗೆ ಆಸ್ಪತ್ರೆಗೆ ಹೊತ್ತಾಗುತ್ತಿತ್ತು, ದೋಣಿ ಮಾತ್ರ ತನ್ನ ಹೊತ್ತಿಗೇ ಬರುತ್ತಿತ್ತು. ದಡದಲ್ಲಿ ಕಾಯುವವರ ಕಣ್ಣು ಹೀಗೇ ಇರುತ್ತದೆ. ಆಚೆ ಊರಿನ ಚೆಂದ ಕಾಣುವುದಿಲ್ಲ. ದೋಣಿ ಎಲ್ಲಿಗೆ ಬಂತು ಅನ್ನುವುದೊಂದೇ ಕಾಣುತ್ತದೆ. ಮೊರಿಸನ ಚಿತ್ರದಲ್ಲೂ ಅಷ್ಟು ದೊಡ್ಡ ಊರು ಹಿಂದೆ ಮಸುಕಾಗಿ ಬಿದ್ದಿದೆ. ಕಣ್ಣು ಹೋಗುವುದು ಹೊಗೆ ಬಿಡುವ ಆ ಸಣ್ಣ ಫೆರ್ರಿಗೇ.

ಕಾಯುವ ಅಗತ್ಯವೇ ಇಲ್ಲದ ಮನುಷ್ಯನಿಗೆ ಇದು ಹೇಗೆ ಸಿಕ್ಕಿತು? ತಾನೇ ಎಲ್ಲೂ ತಂಗಲಾರದವನು ಅನ್ನುವುದು ಒಂದು ಉತ್ತರ ಇರಬಹುದು. ಫ್ರೆಂಚ್ ಚಿತ್ರಕಾರ ಮಾತೀಸ್ ಮತ್ತು ಅವನು ಮೊರೊಕ್ಕೊದ ಟ್ಯಾಂಜಿಯರ್‌ನಲ್ಲಿ 1912ರಲ್ಲೂ 1913ರಲ್ಲೂ ಜೊತೆಗಿದ್ದರು. ಮುಂದೆ ಮಾತೀಸ್ ಅವನನ್ನು ನೆನೆದದ್ದು ವಲಸೆ ಹಕ್ಕಿಯಂಥವನು, ಆದರೆ ಇಳಿಯಲು ಗೊತ್ತಾದ ಜಾಗ ಇಲ್ಲದವನು ಅಂತ. ನಾಜೂಕು ಕಣ್ಣಿನ ಕಲಾವಿದ ಅಂತಲೂ ಕರೆದ. ಮೊರಿಸ್ ಕ್ಯೂಬಾ, ಜಮೈಕಾ, ಟ್ರಿನಿಡಾಡ್ ಎಲ್ಲ ಅಲೆದ. ಫ್ರಾನ್ಸ್ ಸರ್ಕಾರವೇ ಅವನ ಚಿತ್ರ ಕೊಂಡಿತ್ತು, ಊರಲ್ಲಿ ಕೊಳ್ಳುವವರು ಕಡಿಮೆ. ಕೆನಡಾದ ಜನರ ಅಭಿರುಚಿ ತಿದ್ದುವ ಆಸೆ ತನಗೆ ಎಳ್ಳಷ್ಟೂ ಇಲ್ಲ ಅಂತ 1911ರಲ್ಲಿ ಒಂದು ಕಾಗದದಲ್ಲಿ ಬರೆದುಬಿಟ್ಟ. 1914ರ ಕೊನೆಗೆ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡರು. ಆಮೇಲೆ ಅವನಿಗೆ ಹಿಮವೂ ಬೇಡವಾಯಿತು. ಕೊನೆಯ ಚಿತ್ರಗಳಲ್ಲಿ ತೆಂಗಿನ ಮರ, ಹಸಿರು ಸಮುದ್ರ, ತೆಳ್ಳಗೆ ಸವರಿದ ಬಣ್ಣ. ಸತ್ತದ್ದು ಟ್ಯುನಿಸ್‌ನಲ್ಲಿ, 1924ರ ಜನವರಿ 23ರಂದು. ವಯಸ್ಸು 58. ಕೆನಡಾದಲ್ಲಿ ಹಿಮ ಹೆಪ್ಪುಗಟ್ಟಿರುವ ತಿಂಗಳಲ್ಲಿ, ಉತ್ತರ ಆಫ್ರಿಕಾದ ಬಂದರಿನಲ್ಲಿ.

ಕಲನ್ ಒಳ್ಳೆಯವನು, ಕಷ್ಟಪಟ್ಟವನು, ಊರಿಗೆ ಮರಳಿದವನು. ನ್ಯಾಯವಾಗಿ ನಾನು ಅವನ ಚಿತ್ರವನ್ನೇ ಮೆಚ್ಚಬೇಕು. ಅವನೂ ಲೆವಿಯ ಕಡೆಯಿಂದ, ಕ್ವಿಬೆಕ್ ಬಂದರಿನ ಹಿಮ, ಹೊಗೆ, ದೀಪ ಎಲ್ಲ ಬರೆದಿದ್ದಾನೆ, ಸೊಗಸಾಗಿ. ಆದರೂ ನನಗೆ ಬೇಕಾದದ್ದು ಅಪ್ಪನ ದುಡ್ಡಿನಲ್ಲಿ ಕುಡಿದು ತಿರುಗಿದ ಈ ಅಂಡಲೆಯುವವನ ಬೂದು ನದಿಯೇ. ಕಲೆಯಲ್ಲಿ ಈ ಅನ್ಯಾಯ ನಡೆಯುತ್ತಲೇ ಇರುತ್ತದೆ, ಏನು ಮಾಡೋಣ.

ಮಾರ್ಚ್‌ನಲ್ಲಿ, ನಾನು ಹೊರಡುವ ಮೊದಲು, ಮಗಳು ಅಳಿಯ ಕ್ವಿಬೆಕ್‌ಗೆ ಕರೆದುಕೊಂಡು ಹೋದರು. ಕೋಟೆ, ಚರ್ಚು, ಎತ್ತರದ ಹೋಟೆಲು ಎಲ್ಲ ತೋರಿಸಿದರು. ನನಗೆ ಬೇಕಾದದ್ದು ಒಂದೇ. “ಆ ಫೆರ್ರಿ ಈಗಲೂ ಇದೆಯಾ?” ಇತ್ತು. ಕಾರುಗಳನ್ನೂ ಹೊಟ್ಟೆಯಲ್ಲಿ ಹಾಕಿಕೊಂಡು ಹತ್ತು ಹನ್ನೆರಡು ನಿಮಿಷಕ್ಕೆ ಆಚೆ ದಡ. ಮಗುವಿನೊಂದಿಗೆ ಮಗಳು ಒಳಗೆ ಬೆಚ್ಚಗೆ ಕೂತಳು. ನಾನು ಅಳಿಯನ ಜೊತೆ ಹೊರಗೆ ಕಟಕಟೆ ಹಿಡಿದು ನಿಂತೆ. ಫೆರ್ರಿಯ ಮೈಗೆ ಐಸ್ ತಾಗುವ ಸದ್ದು ಕೇಳಿದ ಕೂಡಲೇ ಗೊತ್ತಾಯಿತು, ಇದು ಫ್ಯಾಕ್ಟರಿಯ ಮಿಷನ್ನಿನ ಸದ್ದೇ, ಸ್ವಲ್ಪ ನಿಧಾನ ಅಷ್ಟೇ. ಗುರ್ರ್ ಅಂತ ಅಗಿಯುವುದು, ನಿಲ್ಲುವುದು, ಮತ್ತೆ ಅಗಿಯುವುದು. ತುಂಡುಗಳ ಅಂಚು ಕೊಳೆ ಬಣ್ಣ, ಒಡೆದಲ್ಲಿ ಒಳಗೆ ನೀಲಿ.

ಲೆವಿಯಲ್ಲಿ ಇಳಿದು ತಿರುಗಿ ನೋಡಿದೆ. ಬಂಡಿಗಳು ನಿಂತಿದ್ದ ಕಡೆ ಈಗ ಕಾರುಗಳ ಸಾಲು, ಎಲ್ಲವೂ ಎಂಜಿನ್ ಹಾಕಿಕೊಂಡೇ ಕಾಯುತ್ತಿದ್ದವು. ಆಕಾಶ ಮೋಡ. ಬಿಳಿ ಎಲ್ಲೂ ಇರಲಿಲ್ಲ. ಕೈಗವಸು ಬಿಚ್ಚಿ ಮೊಬೈಲಿನಲ್ಲಿ ಒಂದು ಫೋಟೊ ತೆಗೆದೆ. ನದಿ, ಅದರ ತುಂಬ ಐಸ್, ಆಚೆ ಊರು. ಊರಿನ ತಮ್ಮನಿಗೆ ವಾಟ್ಸಾಪ್ ಮಾಡಿದೆ. ಅವನದು ಈಗಲೂ ಬೋಟಿನ ವ್ಯವಹಾರ. ಐಸಿನ ರೇಟು ಏರಿತು ಅಂತ ಫೋನು ಮಾಡಿದಾಗಲೆಲ್ಲ ಬೈಯುತ್ತಿರುತ್ತಾನೆ.

ಅಲ್ಲಿ ರಾತ್ರಿ. ಆದರೂ ತಕ್ಷಣ ಉತ್ತರ ಬಂತು.

“ಇಷ್ಟ್ ಐಸ್ ಸುಮ್ನೆ ಬಿದ್ಕಂಡಿತ್ತಲೆ ಅಕ್ಕ. ಮೀನ್ ಎಲ್ಲಿತ್?”